ಗೀಸರ್ ಮೇಲೆ 2000 ವ್ಯಾಟ್ ಅಂತಿದೆ, ಎಳೆಯುತ್ತಿರೋದು 6.8 ಆಂಪ್ ಮಾತ್ರ. ಕಾಯಿಲ್ ಹೋಗಿದೆಯಾ?

ಪಾಂಡವಪುರದವ

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮ ಹಳ್ಳಿ. ಬಚ್ಚಲುಮನೆಯಲ್ಲಿ 15 ಲೀಟರ್ ಗೀಸರ್ ಇದೆ. ಮೇಲೆ 230 ವೋಲ್ಟ್, 2000 ವ್ಯಾಟ್ ಅಂತ ಬರೆದಿದೆ. ಮೊದಲು ಕಾಲು ಗಂಟೆಗೆ ಸ್ನಾನಕ್ಕೆ ನೀರು ಸಿದ್ಧ. ಈಗ ಅರ್ಧ ಗಂಟೆ ಕಾಯಬೇಕು.

ಅಕ್ಕನ ಮಗ ಐಟಿಐ ಎಲೆಕ್ಟ್ರಿಷಿಯನ್ ಓದುತ್ತಿದ್ದಾನೆ. ಅವನೇ ಬಂದು ಅಳೆದ. ಗೀಸರ್ ಓಡುತ್ತಿರುವಾಗ ಅದರ ಕನೆಕ್ಷನ್ ಹತ್ತಿರ 180 ವೋಲ್ಟ್. ವೈರ್ ಸುತ್ತ ಕೊಕ್ಕೆ ಹಾಕಿ ಆಂಪ್ ಅಳೆಯೋ ಕ್ಲ್ಯಾಂಪ್ ಮೀಟರ್‌ನಲ್ಲಿ 6.8 ಆಂಪ್. 2000ನ್ನು 230ರಿಂದ ಭಾಗಿಸಿದರೆ 8.7 ಆಂಪ್ ಬರಬೇಕಿತ್ತು ಅಲ್ವಾ? ಅಂಗಡಿಯವರು ಕಾಯಿಲ್ ವೀಕ್ ಆಗಿದೆ, ಬದಲಾಯಿಸಿ ಅಂತಾರೆ. ದುಡ್ಡು ಹಾಕುವ ಮೊದಲು ಲೆಕ್ಕ ಗೊತ್ತಿರೋರು ಯಾರಾದರೂ ಹೇಳಿ.

ಕಬ್ಬಿನಗದ್ದೆ

ಅಣ್ಣ, ಆ ಕ್ಲ್ಯಾಂಪ್ ಮೀಟರೇ ಸರಿ ಇಲ್ಲ ಅನ್ಸುತ್ತೆ. ವೋಲ್ಟೇಜ್ ಇಳಿದರೆ ಆಂಪ್ ಏರಬೇಕು. 2000 ÷ 180 ಮಾಡಿ ನೋಡಿ, 11 ಬರುತ್ತೆ. ನಮ್ಮ 5 ಎಚ್‌ಪಿ ಮೋಟರ್‌ನಲ್ಲಿ ದಿನಾ ನೋಡ್ತೀನಿ. 410 ವೋಲ್ಟ್ ಇದ್ದಾಗ 9 ಆಂಪ್. 340ಕ್ಕೆ ಇಳಿದರೆ 11. ಸ್ಟಾರ್ಟರ್ ಟ್ರಿಪ್ ಆಗೋದೇ ಆಗ.

ಮಂಡ್ಯ_ವೈರ್‌ಮನ್

ಮೊದಲು ಒಂದು ಮಾತು. ಕ್ಲ್ಯಾಂಪ್ ಒಳಗೆ ಒಂದೇ ವೈರ್ ಇತ್ತಾ? ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಒಂದು ಹೋಗೋದು, ಇನ್ನೊಂದು ಬರೋದು. ಮೀಟರ್ ಸೊನ್ನೆ ತೋರಿಸುತ್ತೆ.

ಪಾಂಡವಪುರದವ

ಫೇಸ್ ವೈರ್ ಒಂದೇ ಸರ್. ಹುಡುಗನಿಗೆ ಅದು ಗೊತ್ತು.

ಒಂಟಿಕೊಪ್ಪಲ್_ಮೇಷ್ಟ್ರು

ಹಾಗಾದರೆ ನಿಮ್ಮ ಕಾಯಿಲ್ ಚೆನ್ನಾಗಿದೆ. ಬದಲಾಯಿಸಬೇಡಿ.

ಲೆಕ್ಕ ಹೀಗೆ. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. 180 ÷ 6.8 = 26.5 ಓಮ್. ಇದು ನಿಮ್ಮ ಮನೆಯಲ್ಲಿ ಅಳೆದ ಲೆಕ್ಕ. ಈಗ ಕಂಪನಿ ಬರೆದ ಅಂಕಿಯಿಂದ ನೋಡೋಣ. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೂ ರೋಧವೇ ಬರುತ್ತದೆ. 230 × 230 ÷ 2000 = 26.45 ಓಮ್. ಎರಡೂ ಒಂದೇ. ಇಷ್ಟು ಕೂಡಿ ಬಂದದ್ದರಲ್ಲಿ ಅದೃಷ್ಟವೂ ಸ್ವಲ್ಪ ಇದೆ. ಇಂಥ ಸಾಮಾನಿಗೆ ಬರೆದ ವ್ಯಾಟಿಗಿಂತ ಶೇಕಡಾ 5 ಮೇಲೆ, 10 ಕೆಳಗೆ ಹೋಗಲು ಸ್ಟ್ಯಾಂಡರ್ಡ್‌ನಲ್ಲೇ ಅವಕಾಶ ಉಂಟು.

ಲೇಬಲ್ ಮೇಲಿನ 2000 ಅನ್ನೋದು ಗೀಸರಿನ ಹುಟ್ಟುಗುಣ ಅಲ್ಲ. 230 ವೋಲ್ಟ್ ಕೊಟ್ಟರೆ 2000 ಅಂತ ಅರ್ಥ. ಬದಲಾಗದೆ ಉಳಿಯೋದು ಓಮ್. ಕಾಯಿಲ್ ಒಳಗಿನ ನೈಕ್ರೋಮ್ ತಂತಿಯ ರೋಧ ಬಿಸಿಯಾದರೂ ಹೆಚ್ಚೇನೂ ಏರುವುದಿಲ್ಲ. ಆದ್ದರಿಂದ ವೋಲ್ಟ್ ಇಳಿದರೆ ಆಂಪೂ ಇಳಿಯುತ್ತದೆ. ವ್ಯಾಟ್ ಎರಡು ಏಟು ತಿನ್ನುತ್ತದೆ. 180 × 6.8 = 1224 ವ್ಯಾಟ್. ವೋಲ್ಟೇಜ್ ಶೇಕಡಾ 22 ಇಳಿದರೆ ಕಾವು ಶೇಕಡಾ 39 ಇಳಿಯಿತು ನೋಡಿ.

ಕಬ್ಬಿನಗದ್ದೆಯವರೇ, ಮೋಟರ್ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದರೆ ಮೋಟರ್ ಬೇರೆ ಜಾತಿ.

ಪಾಂಡವಪುರದವ

ಮೇಷ್ಟ್ರೇ, ದೊಡ್ಡ ಉಪಕಾರ. ಅರ್ಧ ಗಂಟೆ ಓಡಿದರೆ ಬಿಲ್ ಡಬಲ್ ಬರುತ್ತಾ? ಮನೆಯಲ್ಲಿ ಅದೇ ಜಗಳ.

ಒಂಟಿಕೊಪ್ಪಲ್_ಮೇಷ್ಟ್ರು

ಇಲ್ಲ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಬೇಕಾದ ಕಾವು ಒಂದೇ. ಸುಮಾರು 18.8 ಲಕ್ಷ ಜೂಲ್. ಯೂನಿಟ್ ಲೆಕ್ಕದಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ. 2000 ವ್ಯಾಟ್ ಇದ್ದರೆ 16 ನಿಮಿಷಕ್ಕೆ ಮುಗಿಯುತ್ತದೆ. 1224 ಇದ್ದರೆ 26 ನಿಮಿಷ. ಟ್ಯಾಂಕಿನಿಂದ ಹೊರಗೆ ಸೋರುವ ಕಾವು ಸ್ವಲ್ಪ ಜಾಸ್ತಿ, ಅಷ್ಟೇ ವ್ಯತ್ಯಾಸ.

ನಂಬಿಕೆ ಬರದಿದ್ದರೆ ಕರೆಂಟ್ ಮೀಟರನ್ನೇ ಕೇಳಿ. ಅದರ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬಹಳ ಮೀಟರ್‌ಗಳಲ್ಲಿ 3200. ಮನೆಯಲ್ಲಿ ಬೇರೆಲ್ಲ ಆರಿಸಿ ಗೀಸರ್ ಒಂದನ್ನೇ ಹಾಕಿ, ಒಂದು ನಿಮಿಷ ಎಣಿಸಿ. 60ರಿಂದ ಗುಣಿಸಿ 3200ರಿಂದ ಭಾಗಿಸಿ. ಬಂದದ್ದು ಕಿಲೋವ್ಯಾಟ್. 1224 ವ್ಯಾಟಿಗೆ 65 ಮಿಣುಕು ಬರಬೇಕು.

ಸರಸ್ವತಿಪುರಂ_ಅಮ್ಮ

ಮೇಷ್ಟ್ರೇ, ಮಧ್ಯೆ ಬಾಯಿ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ಮಗಳು ಎಸ್ಸೆಸ್ಸೆಲ್ಸಿ. ಪುಸ್ತಕದಲ್ಲಿ ಒಂದು ಕಡೆ ಆಂಪಿನ ವರ್ಗ ಗುಣಿಸು ಓಮ್ ಅಂದರೆ ವ್ಯಾಟ್ ಅಂತಿದೆ. ಅಂದರೆ ಓಮ್ ಜಾಸ್ತಿ ಆದರೆ ವ್ಯಾಟ್ ಜಾಸ್ತಿ. ಇನ್ನೊಂದು ಕಡೆ ವೋಲ್ಟಿನ ವರ್ಗ ಭಾಗಿಸು ಓಮ್. ಅಂದರೆ ಓಮ್ ಜಾಸ್ತಿ ಆದರೆ ವ್ಯಾಟ್ ಕಡಿಮೆ. ಯಾವುದನ್ನ ನಂಬೋದು ಅಂತ ನನ್ನ ತಲೆ ತಿಂತಿದ್ದಾಳೆ.

ಒಂಟಿಕೊಪ್ಪಲ್_ಮೇಷ್ಟ್ರು

ಮಗು ಸರಿಯಾದ ಜಾಗದಲ್ಲೇ ಎಡವಿದೆ. ಎರಡೂ ನಿಜ. ಯಾವುದು ಸ್ಥಿರವಾಗಿದೆ ಅಂತ ಮೊದಲು ಕೇಳಬೇಕು. ಮನೆಯಲ್ಲಿ ಎಲ್ಲ ಸಾಮಾನೂ ಸಮಾಂತರ ಜೋಡಣೆ, ಎಲ್ಲಕ್ಕೂ ಅದೇ 230 ವೋಲ್ಟ್. ಅಲ್ಲಿ ಓಮ್ ಕಡಿಮೆ ಇದ್ದದ್ದೇ ಜಾಸ್ತಿ ಕಾಯುತ್ತದೆ. ಸರಣಿಯಲ್ಲಿ ಒಂದರ ಹಿಂದೊಂದು ಇದ್ದರೆ ಎಲ್ಲದರಲ್ಲೂ ಹರಿಯುವ ಆಂಪ್ ಒಂದೇ. ಅಲ್ಲಿ ಓಮ್ ಜಾಸ್ತಿ ಇದ್ದದ್ದು ಜಾಸ್ತಿ ಕಾಯುತ್ತದೆ.

ಮಗಳಿಗೊಂದು ಲೆಕ್ಕ ಕೊಡಿ. ಹಳೇ ಕಾಲದ 100 ವ್ಯಾಟ್ ಬಲ್ಬು, 40 ವ್ಯಾಟ್ ಬಲ್ಬು. ಎರಡನ್ನೂ ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಜಾಸ್ತಿ ಬೆಳಗುತ್ತದೆ? ಉತ್ತರ ನಾನು ಹೇಳುವುದಿಲ್ಲ.

ಪಾಂಡವಪುರದವ

ನಿನ್ನೆ ರಾತ್ರಿ ಎಣಿಸಿದೆವು. ಫ್ರಿಜ್ ಪ್ಲಗ್ ಕಿತ್ತು, ಎಲ್ಲ ದೀಪ ಆರಿಸಿ, ಮೊಬೈಲ್ ಟಾರ್ಚ್ ಹಿಡಿದು. ನಮ್ಮ ಮೀಟರ್‌ನಲ್ಲೂ 3200 ಅಂತಲೇ ಇದೆ. ಎರಡು ಸಲ ಎಣಿಸಿದರೂ 70 ಬಂತು. 65 ಅಲ್ಲ.

ಮಂಡ್ಯ_ವೈರ್‌ಮನ್

70 ಅಂದರೆ 1312 ವ್ಯಾಟ್. ಗೀಸರಿಗೆ ಸೇರ್ತಿರೋದು 1224. ಸುಮಾರು 90 ವ್ಯಾಟ್ ಮಧ್ಯದಲ್ಲಿ ಎಲ್ಲೋ ಇಳಿದು ಹೋಗ್ತಿದೆ. ನನಗಿದು ಸರಿ ಕಾಣ್ತಿಲ್ಲ.

ಹೂಟಗಳ್ಳಿ_ಶಿಫ್ಟ್

ಫ್ಯಾಕ್ಟರಿ ಮೇಂಟೆನೆನ್ಸ್‌ನಲ್ಲಿದ್ದೇನೆ. ಅಷ್ಟು ಬೇಗ ತೀರ್ಮಾನ ಬೇಡ. ಸಾಮಾನ್ಯ ಕ್ಲ್ಯಾಂಪ್ ಮೀಟರ್ ಶೇಕಡಾ 2–3 ಆಚೆ ಈಚೆ ತೋರಿಸುತ್ತೆ. ಎಣಿಕೆಯಲ್ಲಿ ಒಂದು ಮಿಣುಕು ತಪ್ಪಿದರೆ 19 ವ್ಯಾಟ್. ಆದರೂ ಶೇಕಡಾ 7 ವ್ಯತ್ಯಾಸ ಇದಕ್ಕೆಲ್ಲ ಮೀರಿದ್ದು ಅನ್ನೋದನ್ನ ಒಪ್ಪುತ್ತೇನೆ.

ಖಚಿತ ಮಾಡಿಕೊಳ್ಳೋಕೆ ಒಂದೇ ದಾರಿ. ಗೀಸರ್ ಓಡುತ್ತಿರುವಾಗಲೇ ಎರಡು ಕಡೆ ವೋಲ್ಟೇಜ್ ನೋಡಿ. ಮೀಟರ್ ಬೋರ್ಡ್ ಹತ್ತಿರ ಒಂದು, ಗೀಸರ್ ಹತ್ತಿರ ಒಂದು. ಜೀವಂತ ವೈರ್ ಹತ್ತಿರದ ಕೆಲಸ, ಬಚ್ಚಲುಮನೆ ನೆಲ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಹುಡುಗನ ಜೊತೆ ಕೆಲಸ ಗೊತ್ತಿರೋ ದೊಡ್ಡೋರು ಒಬ್ಬರು ನಿಂತಿರಲಿ.

ಪಾಂಡವಪುರದವ

ಊರಿನ ಎಲೆಕ್ಟ್ರಿಷಿಯನ್ ಕರೆಸಿದೆವು. ಮೀಟರ್ ಹತ್ತಿರ 194. ಗೀಸರ್ ಹತ್ತಿರ ಅದೇ 180. ವೈರ್ 1.5 ಸ್ಕ್ವೇರ್ ಎಂಎಂ ತಾಮ್ರ. ಮೀಟರಿನಿಂದ ಬಚ್ಚಲಿಗೆ 15 ಮೀಟರ್ ದೂರ ಇರಬಹುದು.

ಹೂಟಗಳ್ಳಿ_ಶಿಫ್ಟ್

ಸರಿ, ಈಗ ಕಳ್ಳ ಸಿಕ್ಕ.

ಮನೆಯೊಳಗೇ 14 ವೋಲ್ಟ್ ಬಿದ್ದು ಹೋಗ್ತಿದೆ. 14 × 6.8 = 95 ವ್ಯಾಟ್. ಮಿಣುಕು ಎಣಿಸಿದ್ದಕ್ಕೂ ಇದಕ್ಕೂ ಸರಿಯಾಗಿ ಕೂಡುತ್ತೆ. ಇನ್ನು ಇದರಲ್ಲಿ ವೈರಿನ ಪಾಲು ಎಷ್ಟು? 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಕಿಲೋಮೀಟರಿಗೆ 12.1 ಓಮ್. ಹೋಗೋದು 15 ಮೀಟರ್, ಬರೋದು 15 ಮೀಟರ್. ಬರೋ ದಾರಿ ಲೆಕ್ಕಕ್ಕೆ ತಗೊಳ್ಳೋದನ್ನ ಬಹಳ ಜನ ಮರೀತಾರೆ. 30 ಮೀಟರಿಗೆ 0.36 ಓಮ್. 6.8ರಿಂದ ಗುಣಿಸಿದರೆ ಎರಡೂವರೆ ವೋಲ್ಟ್. ವೈರ್ ಉದ್ದಕ್ಕೂ ಹರಡಿ ಹೋಗುವ ಕಾವು 17 ವ್ಯಾಟ್. ಅದು ಏನೂ ಮಾಡಲ್ಲ.

ಉಳಿದದ್ದು ಹನ್ನೊಂದೂವರೆ ವೋಲ್ಟ್. ಓಮ್ ಲೆಕ್ಕದಲ್ಲಿ 1.7. ವ್ಯಾಟ್ ಲೆಕ್ಕದಲ್ಲಿ 78. ಇದು ಯಾವುದೋ ಒಂದು ಸ್ಕ್ರೂ, ಒಂದು ಜಾಯಿಂಟ್, ಒಂದು ಪ್ಲಗ್ ಪಿನ್‌ನಲ್ಲಿ ಒಂದೇ ಜಾಗದಲ್ಲಿ ಸುಡ್ತಿದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೋಲ್ಡರ್ ಕರಗಿಸುತ್ತೆ. ನಿಮ್ಮ ಗೋಡೆಯೊಳಗೆ ಅಂಥ ಮೂರು ಕೂತಿವೆ.

ಮಂಡ್ಯ_ವೈರ್‌ಮನ್

ಇವತ್ತು ಗೀಸರ್ ಹಾಕಬೇಡಿ ಅಣ್ಣ. ಒಲೆ ಮೇಲೆ ನೀರು ಕಾಯಿಸಿ.

ಎಂಸಿಬಿ (ಆಂಪ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್) ಇದೆಯಲ್ಲ, ಬಿದ್ದೇ ಬೀಳುತ್ತೆ ಅಂದುಕೊಂಡು ಜನ ಸುಮ್ನಿರ್ತಾರೆ. ಸಡಿಲ ಜಾಯಿಂಟಿಗೆ ಎಂಸಿಬಿ ಬೀಳಲ್ಲ. ಎಂಸಿಬಿ ನೋಡೋದು ಆಂಪ್ ಜಾಸ್ತಿ ಆಯ್ತಾ ಅಂತ. ಇಲ್ಲಿ ಜಾಯಿಂಟಿನ ಓಮ್ ಸೇರಿ ಆಂಪ್ ಕಡಿಮೆಯೇ ಆಗಿದೆ. 16 ಆಂಪಿನ ಎಂಸಿಬಿಗೆ 6.8 ಯಾವ ಲೆಕ್ಕ? ಪ್ಲಾಸ್ಟಿಕ್ ಕರಗಿ ಎರಡು ವೈರ್ ಒಂದಕ್ಕೊಂದು ತಾಗಿದ ಮೇಲೆ ಬೀಳುತ್ತೆ. ಅಷ್ಟೊತ್ತಿಗೆ ಬೆಂಕಿ ಹೊತ್ತಿಕೊಂಡಿರಬಹುದು.

ಮೇನ್ ಆಫ್ ಮಾಡಿ, ಟೆಸ್ಟರ್ ಹಾಕಿ ನೋಡಿ, ಆಮೇಲೆ ಗೀಸರ್ ಸಾಕೆಟ್ ಬಿಚ್ಚಿಸಿ. ನೂರಕ್ಕೆ ತೊಂಬತ್ತು ಅಲ್ಲೇ ಇರುತ್ತೆ.

ಸರಸ್ವತಿಪುರಂ_ಅಮ್ಮ

ಮಗಳ ಉತ್ತರ: 100 ವ್ಯಾಟ್ ಬಲ್ಬಿಗೆ 529 ಓಮ್, 40 ವ್ಯಾಟಿಗೆ 1322 ಓಮ್. ಸರಣಿಯಲ್ಲಿ ಆಂಪ್ ಒಂದೇ, ಆದ್ದರಿಂದ 40 ವ್ಯಾಟ್ ಬಲ್ಬೇ ಜಾಸ್ತಿ ಬೆಳಗುತ್ತೆ. ಜೊತೆಗೆ ಅವಳದೇ ಒಂದು ಮಾತು. ಗೀಸರಿನ ಸಡಿಲ ಜಾಯಿಂಟ್ ಕೂಡ ಗೀಸರಿನ ಜೊತೆ ಸರಣಿಯಲ್ಲಿದೆ, ಅದಕ್ಕೇ ಅಲ್ಲಿ ಓಮ್ ಜಾಸ್ತಿ ಆದಷ್ಟೂ ಅದು ಜಾಸ್ತಿ ಕಾಯುತ್ತಿದೆ ಅಂತೆ.

ಒಂಟಿಕೊಪ್ಪಲ್_ಮೇಷ್ಟ್ರು

ಶಭಾಷ್. ನೂರಕ್ಕೆ ನೂರು.

ಒಂದೇ ಒಂದು ತಿದ್ದುಪಡಿ ಕೊಡುತ್ತೇನೆ. ಆ ಬಲ್ಬನ್ನು ಆರಿಸಿ ಮಲ್ಟಿಮೀಟರಿನಲ್ಲಿ ಅಳೆದರೆ 529 ಬರುವುದಿಲ್ಲ. 40ರ ಆಸುಪಾಸು ತೋರಿಸುತ್ತದೆ. ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ಅದರ ರೋಧ, ಉರಿಯುವಾಗಿನ ರೋಧದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸ್ವಿಚ್ ಹಾಕಿದ ಗಳಿಗೆಯಲ್ಲೇ ಬಲ್ಬು ಪಟ್ ಅಂತ ಹೋಗುತ್ತಿದ್ದದ್ದು ಇದರಿಂದಲೇ. ಆ ಕ್ಷಣದಲ್ಲಿ ಹತ್ತು ಪಟ್ಟಿಗೂ ಜಾಸ್ತಿ ಆಂಪ್ ನುಗ್ಗುತ್ತದೆ. ಜಾರ್ಜ್ ಓಮ್ 1827ರಲ್ಲಿ ಬರೆದ ನಿಯಮ ತಾಪ ಬದಲಾಗದಿದ್ದಾಗ ಮಾತ್ರ. ಪರೀಕ್ಷೆಯಲ್ಲಿ ಆ ಷರತ್ತು ಬರೆಯದಿದ್ದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಮಕ್ಕಳು ಇವತ್ತಿಗೂ ಬೈಯುತ್ತಾರೆ.

ಕಬ್ಬಿನಗದ್ದೆ

ಮೇಷ್ಟ್ರೇ, ನನ್ನ ಮೋಟರ್ ಅಲ್ಲೇ ನಿಂತಿದೆ. ಬೇರೆ ಜಾತಿ ಅಂದು ಬಿಟ್ಟುಬಿಟ್ಟಿರಿ. ಬೋರ್‌ವೆಲ್ ಮೋಟರಿನ ಎರಡು ವೈರ್ ಮಧ್ಯೆ ಓಮ್ ನೋಡಿದರೆ 3 ತೋರಿಸುತ್ತೆ. 410 ÷ 3 ಮಾಡಿದರೆ 137 ಆಂಪ್. ಓಡೋದು 9 ಆಂಪಿನಲ್ಲಿ. ಓಮ್ ನಿಯಮ ಎಲ್ಲಿ ಹೋಯ್ತು?

ಮಂಡ್ಯ_ವೈರ್‌ಮನ್

ಇದಕ್ಕೆ ನಾನು ಹೇಳ್ತೀನಿ, ದಿನಾ ರಿವೈಂಡಿಂಗ್ ಅಂಗಡಿಯಲ್ಲಿ ಕೂರೋನು.

ಮಲ್ಟಿಮೀಟರ್ ತೋರಿಸೋದು ತಾಮ್ರದ ಓಮ್ ಮಾತ್ರ. ಮೋಟರ್ ತಿರುಗುವಾಗ ಅದೇ ವೈಂಡಿಂಗ್‌ನಲ್ಲಿ ಎದುರು ವೋಲ್ಟೇಜ್ ಹುಟ್ಟುತ್ತೆ. ಅದು ಲೈನಿನ ವೋಲ್ಟೇಜನ್ನು ಹಿಂದಕ್ಕೆ ತಳ್ಳುತ್ತೆ. ಅದಕ್ಕೇ 9 ಆಂಪಿಗೆ ನಿಲ್ಲುತ್ತೆ. ಮರಳು ಸಿಕ್ಕಿ ಮೋಟರ್ ಜಾಮ್ ಆದರೆ ಐದಾರು ಪಟ್ಟು ಆಂಪ್ ಎಳೆಯುತ್ತೆ. ಸ್ಟಾರ್ಟ್ ಆಗೋ ಕ್ಷಣದಲ್ಲೂ ಅಷ್ಟೇ.

ಮೂರು ಫೇಸಿಗೆ ವ್ಯಾಟ್ ಲೆಕ್ಕ ಬೇರೆ. 1.732 × ವೋಲ್ಟ್ × ಆಂಪ್ × ಪವರ್ ಫ್ಯಾಕ್ಟರ್. ಪವರ್ ಫ್ಯಾಕ್ಟರ್ ಅಂದರೆ ವೋಲ್ಟ್, ಆಂಪ್ ಗುಣಿಸಿದ್ದರಲ್ಲಿ ನಿಜವಾದ ವ್ಯಾಟ್ ಆಗೋ ಪಾಲು, 0.8 ಅಂತ ಇಟ್ಟುಕೊಳ್ಳಿ. 410 ವೋಲ್ಟ್, 9 ಆಂಪಿಗೆ ಸುಮಾರು 5100 ವ್ಯಾಟ್. 340 ವೋಲ್ಟ್, 11 ಆಂಪಿಗೆ ಸುಮಾರು 5200. ನೋಡಿದ್ರಾ? ವ್ಯಾಟ್ ಹೆಚ್ಚು ಕಡಿಮೆ ಒಂದೇ. ಮೇಲೆತ್ತೋ ನೀರು ಅಷ್ಟೇ ಇದೆ, ಮೋಟರ್ ಹಟ ಮಾಡಿ ಅಷ್ಟೇ ಕೆಲಸ ಮಾಡುತ್ತೆ. ವೋಲ್ಟ್ ಕಡಿಮೆ ಆದದ್ದನ್ನು ಆಂಪಿನಲ್ಲಿ ವಸೂಲಿ ಮಾಡುತ್ತೆ. 5 ಎಚ್‌ಪಿ ಅಂದರೆ 3730 ವ್ಯಾಟ್, ಅದು ಶಾಫ್ಟಿನಲ್ಲಿ ಸಿಗೋದು. ಉಳಿದದ್ದು ಕಾವು.

ಆದರೆ ಮೋಟರ್ ಸಾಯೋದು ಇಲ್ಲೇ. ವೈಂಡಿಂಗ್ ಕಾಯೋದು ಆಂಪಿನ ವರ್ಗಕ್ಕೆ. 9ರ ವರ್ಗ 81. 11ರ ವರ್ಗ 121. ಎರಡು ಆಂಪ್ ಏರಿದ್ದಕ್ಕೆ ವೈಂಡಿಂಗಿನ ಕಾವು ಒಂದೂವರೆ ಪಟ್ಟು. ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತೆ ಅಂತ ಅದರ ಸ್ಕ್ರೂ ತಿರುಗಿಸಿ ಸೆಟ್ಟಿಂಗ್ ಮೇಲೇರಿಸೋರು ಇದ್ದಾರೆ. ಅವರಿಂದಲೇ ನಮ್ಮ ಅಂಗಡಿ ನಡೀತಿರೋದು.

ಕಬ್ಬಿನಗದ್ದೆ

ಇದು ಒಪ್ಪೋ ಮಾತು ಕಣಣ್ಣ. ಹಾಗಾದರೆ ಎಲ್‌ಇಡಿ ಬಲ್ಬು ಯಾವ ಜಾತಿ? ವೋಲ್ಟೇಜ್ ಬಿದ್ದರೂ ಅದು ಮಂಕಾಗಲ್ಲ.

ಹೂಟಗಳ್ಳಿ_ಶಿಫ್ಟ್

ಅದು ನಿಮ್ಮ ಮೋಟರಿನ ಜಾತಿನೇ. ಒಳ್ಳೇ ಎಲ್‌ಇಡಿ ಬಲ್ಬಿನೊಳಗೆ ಡ್ರೈವರ್ ಇರುತ್ತೆ. 180 ಬಂದರೂ 230 ಬಂದರೂ ತನ್ನ 9 ವ್ಯಾಟ್ ತಾನು ತಗೊಳ್ಳುತ್ತೆ. ಲ್ಯಾಪ್‌ಟಾಪ್ ಚಾರ್ಜರ್ರೂ ಹಾಗೇ. ಅಂಥದ್ದಕ್ಕೆ ವೋಲ್ಟ್ ಭಾಗಿಸು ಆಂಪ್ ಮಾಡಿ ಓಮ್ ಅಂತ ಬರೆದಿಟ್ಟರೆ ಆ ಅಂಕಿಯಿಂದ ಏನೂ ಪ್ರಯೋಜನ ಇಲ್ಲ. ಗೀಸರ್, ಇಸ್ತ್ರಿಪೆಟ್ಟಿಗೆ, ಕಾಯಿಲ್ ಒಲೆ, ಇವಕ್ಕೆ ಮಾತ್ರ ಆ ಲೆಕ್ಕ ಅಚ್ಚುಕಟ್ಟಾಗಿ ಕೂರುತ್ತೆ.

ಪಾಂಡವಪುರದವ

ವೈರ್‌ಮನ್ ಅಣ್ಣ ಹೇಳಿದ್ದೇ ಆಯ್ತು. ಸಾಕೆಟ್ಟೇ.

ಮೇನ್ ಆಫ್ ಮಾಡಿ ಮುಚ್ಚಳ ತೆಗೆದರೆ ಸುಟ್ಟ ವಾಸನೆ. ನ್ಯೂಟ್ರಲ್ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಅದರ ಸುತ್ತ ಬಿಳಿ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿದೆ. ಕಪ್ಪು ವೈರಿನ ತೊಗಲು ಒಂದು ಇಂಚಿನಷ್ಟು ಗಟ್ಟಿಯಾಗಿ ಬಿಟ್ಟಿತ್ತು, ಬಗ್ಗಿಸಿದರೆ ಪುಡಿಪುಡಿ. ಒಳಗಿನ ತಾಮ್ರ ಕರ್ರಗೆ. ಪ್ಲಗ್ಗಿನ ಒಂದು ಪಿನ್ ಮೇಲೂ ಕಪ್ಪು ಕಲೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಎಲೆಕ್ಟ್ರಿಷಿಯನ್ ಸುಟ್ಟ ಭಾಗ ಕತ್ತರಿಸಿ, ಹೊಳೆಯೋ ತಾಮ್ರ ಬರೋವರೆಗೂ ಸುಲಿದು, ಹೊಸ 16 ಆಂಪ್ ಸಾಕೆಟ್, ಹೊಸ ಪ್ಲಗ್ ಹಾಕಿದ. ಈಗಿನ ಲೆಕ್ಕ: ಮೀಟರ್ ಹತ್ತಿರ 194, ಗೀಸರ್ ಹತ್ತಿರ 191, ಆಂಪ್ 7.2. ಮಿಣುಕು 74.

ಹೂಟಗಳ್ಳಿ_ಶಿಫ್ಟ್

191 ÷ 7.2 = 26.5 ಓಮ್, ಕಾಯಿಲ್ ಅದೇ. 191 × 7.2 = 1375 ವ್ಯಾಟ್. ಮಿಣುಕಿನಿಂದ 1387. ವ್ಯತ್ಯಾಸ ಒಂದು ಮಿಣುಕಿಗಿಂತ ಕಡಿಮೆ. ಮೂರು ವೋಲ್ಟ್ ವೈರಿನದು. ಮುಂದೆ ಯಾವಾಗಲಾದರೂ ಗೀಸರ್ ಲೈನಿಗೆ 2.5 ಸ್ಕ್ವೇರ್ ಎಂಎಂ ಎಳೆಸಿಬಿಡಿ. 16 ಆಂಪ್ ಪಾಯಿಂಟಿಗೆ 1.5 ಸಾಲದು.

ಪಾಂಡವಪುರದವ

ಆಗಲಿ ಸರ್. ಗೀಸರ್ ಆರಿಸಿದರೂ ಮೀಟರ್ ಹತ್ತಿರ 200 ಅಷ್ಟೇ ಇದೆ. ಇದಕ್ಕೆ ಸ್ಟೆಬಿಲೈಸರ್ ಹಾಕಲಾ?

ಮಂಡ್ಯ_ವೈರ್‌ಮನ್

ಗೀಸರಿಗೆ ಸ್ಟೆಬಿಲೈಸರ್ ದಂಡ. ಅದು 230 ಕೊಡೋಕೆ ಲೈನಿನಿಂದ ಇನ್ನೂ ಜಾಸ್ತಿ ಆಂಪ್ ಎಳೆಯುತ್ತೆ. ಲೈನ್ ಇನ್ನೂ ಕುಸಿಯುತ್ತೆ. ಹತ್ತು ನಿಮಿಷ ಜಾಸ್ತಿ ಕಾಯಿರಿ ಅಷ್ಟೇ.

ಲೋಡ್ ಇಲ್ಲದಾಗಲೇ 200 ಅಂದರೆ ತೊಂದರೆ ಮನೆಯದ್ದಲ್ಲ, ಹೊರಗಿನದ್ದು. 230ಕ್ಕೆ ಶೇಕಡಾ 6 ಕಡಿಮೆ ಅಂದರೆ 216. ಅದರ ಕೆಳಗೆ ಬರಬಾರದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಷ್ಟಿದೆ ಅಂತ ಬರೆದಿಟ್ಟು ಕರೆಂಟ್ ಆಫೀಸಿಗೆ ಅರ್ಜಿ ಕೊಡಿ. ಬಾಯಿಮಾತಲ್ಲಿ ಕರೆಂಟ್ ಡಿಮ್ ಅಂದರೆ ಯಾರೂ ಕೇಳಲ್ಲ. ಕಂಬದ ಹತ್ತಿರ ಮಾತ್ರ ನೀವು ಕೈ ಹಾಕಬೇಡಿ, ಅದು ಲೈನ್‌ಮನ್ ಕೆಲಸ.

ಒಂಟಿಕೊಪ್ಪಲ್_ಮೇಷ್ಟ್ರು

ದೂರಕ್ಕೆ ಕರೆಂಟ್ ಒಯ್ಯುವಾಗ ವೋಲ್ಟ್ ಬೀಳುವ ತೊಂದರೆ ಹೊಸದೇನಲ್ಲ. ನಿಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟರಲ್ಲ, ಸುಮಾರು 147 ಕಿಲೋಮೀಟರ್. 230 ವೋಲ್ಟಿನಲ್ಲಿ ಕಳಿಸಿದ್ದರೆ ಎಲ್ಲವೂ ತಂತಿ ಕಾಯಿಸುವುದಕ್ಕೇ ಹೋಗುತ್ತಿತ್ತು. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳಿಸಿದರು. ಅದೇ ವ್ಯಾಟಿಗೆ ವೋಲ್ಟ್ ಹತ್ತು ಪಟ್ಟು ಮಾಡಿದರೆ ಆಂಪ್ ಹತ್ತನೇ ಒಂದು ಭಾಗ. ತಂತಿಯ ಕಾವು ನೂರನೇ ಒಂದು ಭಾಗ. ಮಗಳು ಕೇಳಿದ ಆಂಪಿನ ವರ್ಗದ ಸೂತ್ರ ಅಲ್ಲೂ ಕೆಲಸ ಮಾಡಿತು.

ಹೆಬ್ಬಾಳ್_ಬಾಡಿಗೆಮನೆ

ಇದನ್ನೆಲ್ಲ ಓದಿ ಭಯ ಆಯ್ತು. ನಮ್ಮ ರೂಮಲ್ಲಿ 1500 ವ್ಯಾಟಿನ ನೀರು ಕಾಯಿಸೋ ರಾಡ್ ಇದೆ. ಟಿವಿ ಹಾಕೋ ಚಿಕ್ಕ ಸಾಕೆಟ್ಟಿಗೇ ಸಿಕ್ಕಿಸ್ತೀವಿ. ಪ್ಲಗ್ ಸ್ವಲ್ಪ ಬೆಚ್ಚಗಾಗುತ್ತೆ. ಪರವಾಗಿಲ್ವಾ?

ಮಂಡ್ಯ_ವೈರ್‌ಮನ್

1500 ÷ 230 = 6.5 ಆಂಪ್. ಆ ಚಿಕ್ಕ ಸಾಕೆಟ್ 6 ಆಂಪಿನದು. ಪ್ಲಗ್ ಆಗಲೇ ಬೆಚ್ಚಗಾಗ್ತಿದೆ ಅಂದರೆ ಒಳಗೆ ಪಿನ್ ಸಡಿಲ ಆಗಿದೆ. 16 ಆಂಪ್ ಪಾಯಿಂಟ್ ಇದ್ದರೆ ಅಲ್ಲಿಗೆ ಹಾಕಿ. ಇಲ್ಲದಿದ್ದರೆ ಮನೆ ಓನರಿಗೆ ಹೇಳಿ ಹಾಕಿಸಿ, ಅಲ್ಲಿವರೆಗೂ ರಾಡ್ ಬೇಡ. ಬಕೆಟ್ಟಿಗೆ ಕೈ ಹಾಕಿ ಬಿಸಿ ನೋಡೋ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ.